ನಲವತ್ತೆಂಟು ಮನೆ

ಉಪ್ಪಳ್ಳಿ, ಎರಡನೇ ಅಡ್ಡರಸ್ತೆ, ನಲ್ಲಿ ಎದುರಿನ ಮನೆ.
ನನ್ನ ಟ್ಯಾಬಿನೊಳಗೆ ಒಂದು ದಿನಕ್ಕೆ ನಲವತ್ತೆಂಟು ಮನೆ,
ಅರ್ಧ ಗಂಟೆಗೊಂದು, ಚೌಕಾಬಾರದ ಪಟದ ಹಾಗೆ.
ನಿನ್ನೆ ಜಾವ ನಾಲ್ಕರಿಂದ
ಇವತ್ತು ಜಾವ ನಾಲ್ಕರ ತನಕ
ಯಾವ ಮನೆಯಲ್ಲಿ ಯಾವ ಕಾಯಿ?
ಒಂದು ಮನೆಗೆ ಒಂದೇ ಕೆಲಸ. ಅದು ನಿಯಮ.

ಹಾಲಪ್ಪನ ದಿನ ಆರು ಗೆರೆಯಲ್ಲಿ ಮುಗಿಯಿತು:
ನಿದ್ದೆ, ಸ್ನಾನ, ಪೇಂಟಿಂಗ್ ಕೆಲಸ, ಊಟ, ಟೀವಿ, ನಿದ್ದೆ.
"ಇವಳದ್ದೇನು ಬರೀತೀರ ಮೇಡಂ,
ಕ್ಯೂರಿಂಗಿಗೆ ಹೋಗ್ತಾಳೆ, ಬರ್ತಾಳೆ.
ಮಿಕ್ಕಿದ್ ಹೊತ್ತು ಮನೇಲೇ ಇರ್ತಾಳೆ"
ಅಂದು ಚಪ್ಪಲಿ ಮೆಟ್ಟಿ ಹೊರಟ.

ಹೌದು, ಮನೆಯಲ್ಲೇ.
ನಲವತ್ತೆಂಟರಲ್ಲೂ.

ದೇವೀರಮ್ಮ ಸೆರಗಿಗೆ ಕೈ ಒರೆಸಿ ಕೂತಳು.
"ನಾಲ್ಕೂವರೆಗೆ?"
"ನೀರು ಬಿಡ್ತಾರೆ. ಹಿಡಿದೆ."
"ಹಿಡಿಯುವಾಗ ಬೇರೇನಾದರೂ?"
"ಬಿಂದಿಗೆ ತುಂಬೋಗಂಟ ಸುಮ್ನೆ ನಿಂತ್ಕೊಳೋಕಾಯ್ತದಾ?
ಪಾತ್ರೆ ಉಜ್ಜಿದೆ. ಒಳಗೋಗಿ ಅತ್ತೆ ಮಗ್ಗುಲು ತಿರುಗಿಸ್ದೆ.
ಮಗಳನ್ನ ಓದೋಕೆ ಎಬ್ಬಿಸ್ದೆ, ಎರಡು ಸಲ."
ನಾಲ್ಕು ಕಾಯಿ, ಒಂದೇ ಮನೆ.
ಯಾವುದನ್ನು ಕಡಿಯಲಿ?
ನೀರು ಉಳಿಯಿತು.
ಅತ್ತೆಯ ಮಗ್ಗುಲು ಪಟದಿಂದಾಚೆ ಬಿತ್ತು.

"ಇದನ್ನೆಲ್ಲ ಬರೆದು ಏನ್ಮಾಡ್ತೀರಿ?"
ಹೇಳಿದೆ, ನನಗೆ ಹೇಳಿಕೊಟ್ಟ ಹಾಗೆ:
ದೇಶಗಳನ್ನೆಲ್ಲ ಸಾಲಾಗಿ ನಿಲ್ಲಿಸುತ್ತಾರೆ.
ಗಂಡಸಿಗೆ ರೂಪಾಯಿ ಸಿಕ್ಕಲ್ಲಿ ಹೆಂಗಸಿಗೆಷ್ಟು,
ಎಷ್ಟು ಜನ ಓದಿದರು, ಎಷ್ಟು ಜನ ಗೆದ್ದು ಕುರ್ಚಿಯಲ್ಲಿ ಕೂತರು,
ಎಷ್ಟು ವರ್ಷ ಬಾಳಿದರು.
ಪೂರಾ ಸಮ ಅಂದರೆ ಒಂದು.
ಆ ಒಂದನ್ನು ಇನ್ನೂ ಯಾರೂ ಮುಟ್ಟಿಲ್ಲ.
"ನಾವೆಷ್ಟನೇವ್ರು?"
ನೂರು ದಾಟಿ, ಅಂದೆ.
ಮಗಳ ಮಾರ್ಕ್ಸ್ ಕಾರ್ಡಿಗೆ ಹೆಬ್ಬೆಟ್ಟೊತ್ತುವವಳಂತೆ
ಒಂದು ಕ್ಷಣ ನೋಡಿದಳು, ಅಷ್ಟೆ.

"ಅಂಗಾದ್ರೆ ಜರಡಿ ಅನ್ನಿ.
ನಮ್ಮಲ್ಲೂ ಅದೇಯ. ದಪ್ಪ ಬೀಜ ಮ್ಯಾಲೆ ನಿಲ್ತದೆ,
ಸಣ್ಣದು ಕೆಳಕ್ಕೆ, ಇನ್ನೂ ಸಣ್ಣದು ಇನ್ನೂ ಕೆಳಕ್ಕೆ.
ಜರಡಿಗೆ ಗಾತ್ರ ಗೊತ್ತು,
ಒಳಗೆ ಹುಳ ಹೊಕ್ಕಿರೋದು ಗೊತ್ತಾಯ್ತದಾ?
ಅದುಕ್ಕೇ ನಾವು.
ಮಿಶಿನ್ ಬಂದ್ರೂ ಕೊನೇಗೆ ಬೆರಳೇ."
ಬೆರಳು ತೋರಿಸಿದಳು. ಉಗುರಿನ ಸಂದಿ ಬೂದು.
"ಮೊದಲ್ನೇದು ಯಾವ ದೇಶ?"
ಹಿಮದ ಕಡೆಯದು. ಕಾಫಿ ಬಹಳ ಕುಡಿಯುತ್ತಾರಂತೆ.
"ಅಂಗಾದ್ರೆ ನನ್ನ ಬೆರಳು ಅಲ್ಲಿಗೆ ಹೋಗಿದೆ ಬಿಡಿ,"
ಅಂದು ನಕ್ಕಳು. ಆಮೇಲೆ,
"ಅಲ್ಲಿ ನಡುರಾತ್ರೀಲಿ ಮಗು ಕೆಮ್ಮಿದ್ರೆ
ಮೊದಲು ಯಾರಿಗೆ ಎಚ್ಚರ ಆಯ್ತದೆ?"

ನನ್ನಲ್ಲಿ ಆ ಕಲಂ ಇರಲಿಲ್ಲ.

ದಿನಕ್ಕೆ ಆರು ಮನೆ ಮುಗಿಸಬೇಕು, ಇದು ಎರಡನೆಯದು.
ಅವಳು ಎದ್ದಳು. ಬೇಡ ಅಂದೆ.
ಎರಡನೇ ಸಲ ಅನ್ನಲಿಲ್ಲ.
ಹಡಗಿಗೆ ಹೋಗದ ಒಡಕು ಬೀಜದ ಪುಡಿ, ಬೆಲ್ಲ,
ಅಂಚು ಸುಡುವ ಸ್ಟೀಲ್ ಲೋಟ.
ಅಳೆಯಲು ಬಂದ ನಾನೇ
ಅಳತೆಗೆ ಹತ್ತು ನಿಮಿಷ ಸೇರಿಸಿ ಕೂತಿದ್ದೆ.
ಲೋಟ ತೊಳೆಯುವುದು ಬೇರೆ.

ಕೊನೆಯ ಮನೆ ತುಂಬಿ ತಲೆ ಎತ್ತಿದಾಗ
ಗೋಡೆಗೆ ಒರಗಿ ಕಾಲು ಚಾಚಿದ್ದಳು.
ಹೆಬ್ಬೆರಳು, ತೋರುಬೆರಳು ತಮ್ಮ ಪಾಡಿಗೆ
ಇಲ್ಲದ ಬೀಜವೊಂದನ್ನು ತಿರುವಿ ನೋಡುತ್ತಿದ್ದವು.
"ಹಿಂಗೆ ಕೂತು ಯಾವ ಕಾಲ ಆಗಿತ್ತೋ.
ಇದನ್ನೂ ಬರ್ಕೊಳಿ ಮತ್ತೆ."

ಬರೆಯುವಂತಿಲ್ಲ ದೇವೀರಮ್ಮ.
ನಾವು ಕೇಳುವುದು ನಿನ್ನೆಯದು.